2 ಮತ್ತು 2.0: ಒಂದು ಫ್ಯಾಕ್ಸ್ ಮೋಡೆಮ್ ಕಲಿಸಿದ ಪಾಠ



ಕಳೆದ ವಾರ ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ ಹಳೆಯ ಟ್ರಂಕಿನಲ್ಲಿ ಕಪ್ಪು ಡಬ್ಬಿಯೊಂದು ಸಿಕ್ಕಿತು. ಮುಂಭಾಗದಲ್ಲಿ ಸಾಲಾಗಿ ಪುಟ್ಟ ಕೆಂಪು ದೀಪಗಳು, ಹಿಂಭಾಗದಲ್ಲಿ ದೂರವಾಣಿಯ ತಂತಿಗೆ ಎರಡು ಕಂಡಿಗಳು. ಮೊಮ್ಮಗ ಅದನ್ನು ತಿರುಗಿಸಿ ನೋಡಿ, "ಅಜ್ಜ, ಇದೇನು?" ಎಂದ. "ಫ್ಯಾಕ್ಸ್ ಮೋಡೆಮ್" ಎಂದೆ. "ಫ್ಯಾಕ್ಸ್ ಅಂದರೆ?" ಎಂಬುದು ಅವನ ಮುಂದಿನ ಪ್ರಶ್ನೆ. ಕೈಯಲ್ಲಿರುವ ಫೋನಿನಿಂದಲೇ ಕಾಗದಪತ್ರದ ಚಿತ್ರ ತೆಗೆದು ಕ್ಷಣದಲ್ಲಿ ಕಳುಹಿಸುವ ಹುಡುಗನಿಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಅಂದಿನಿಂದ ಆ ಡಬ್ಬಿ ನನ್ನ ಮೇಜಿನ ಮೇಲೆಯೇ ಇದೆ. ಅದನ್ನು ಕಂಡಾಗಲೆಲ್ಲ ನೆನಪಾಗುವ ಒಂದು ತಪ್ಪನ್ನೂ, ಆ ತಪ್ಪಿನ ಹಿಂದಿದ್ದ ಸ್ವಾರಸ್ಯಕರವಾದ ಚರಿತ್ರೆಯನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಅದು 1997ರ ಜುಲೈ ತಿಂಗಳು. ಮಲೆನಾಡಿನ ನಮ್ಮ ಊರಿನಲ್ಲಿ ಮಳೆ ಹಿಡಿದು ಹದಿನೈದು ದಿನಗಳಾಗಿದ್ದವು. ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ತನ್ನ ಹಳೆಯ ಗಣಕಯಂತ್ರವನ್ನೂ ಈ ಮೋಡೆಮನ್ನೂ ಉಡುಗೊರೆಯಾಗಿ ಕೊಟ್ಟು ಎರಡು ತಿಂಗಳಾಗಿತ್ತಷ್ಟೇ. ಒಂದು ಮಧ್ಯಾಹ್ನ ಬೆಂಗಳೂರಿನಿಂದ ದೂರವಾಣಿ ಕರೆ ಬಂತು. ಹತ್ತನೆಯ ತರಗತಿಯವರೆಗೆ ನಮ್ಮಲ್ಲಿಯೇ ಓದಿದ ಹುಡುಗಿ. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. "ಸಾರ್, ಕೆಲಸಕ್ಕೆ ಆಯ್ಕೆಯಾಗಿದೆ. ಜನ್ಮದಿನಾಂಕದ ಬಗ್ಗೆ ಶಾಲೆಯಿಂದ ಒಂದು ಪತ್ರ ಇವತ್ತು ಐದು ಗಂಟೆಯೊಳಗೆ ಫ್ಯಾಕ್ಸ್‌ನಲ್ಲಿ ಬರಬೇಕಂತೆ. ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯುತ್ತಾರಂತೆ. ಮೂಲಪತ್ರ ಆಮೇಲೆ ಅಂಚೆಯಲ್ಲಿ ಬಂದರೆ ಸಾಕಂತೆ" ಎಂದಳು. ಅವಳ ದನಿ ನಡುಗುತ್ತಿತ್ತು. "ನೀನು ಹೆದರಬೇಡಮ್ಮ, ಅರ್ಧ ಗಂಟೆಯಲ್ಲಿ ಕಳುಹಿಸುತ್ತೇನೆ" ಎಂದು ಭರವಸೆ ಕೊಟ್ಟೆ. ಆಗ ಗಂಟೆ ಮೂರು.

ಬಸ್ ನಿಲ್ದಾಣದ ಬಳಿಯ ಎಸ್‌ಟಿಡಿ ಬೂತಿನಲ್ಲಿ ಫ್ಯಾಕ್ಸ್ ಯಂತ್ರವಿತ್ತು. ಆದರೆ ನಮ್ಮಲ್ಲಿಯೇ ಹೊಸ ಸಾಧನವಿರುವಾಗ ಮಳೆಯಲ್ಲಿ ಒಂದು ಮೈಲಿ ಹೋಗುವುದೇಕೆಂಬ ಹೆಮ್ಮೆ ನನ್ನದು. ಪತ್ರವನ್ನು ಗಣಕದಲ್ಲಿ ಬೆರಳಚ್ಚು ಮಾಡಿದ್ದಾಯಿತು. ಕಳುಹಿಸುವ ಗುಂಡಿ ಒತ್ತಿದರೆ, ಮೋಡೆಮ್ ಸಿದ್ಧವಾಗಿಲ್ಲ ಎಂಬ ಸಂದೇಶ. ತಂತಿಗಳನ್ನು ಬಿಚ್ಚಿ ಜೋಡಿಸಿದೆವು, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆವು, ಮತ್ತದೇ ಸಂದೇಶ. ನಮ್ಮ ಶಾಲೆಯ ಗುಮಾಸ್ತರು ಮೆಲ್ಲನೆ, "ಸಾರ್, ಇಲ್ಲಿ ಕ್ಲಾಸ್ 1, ಕ್ಲಾಸ್ 2, ಕ್ಲಾಸ್ 2.0 ಎಂದು ಮೂರು ಇದೆ. ಈಗ 2.0 ಇದೆ. 2 ಎಂದು ಮಾಡಿ ನೋಡೋಣವೇ?" ಎಂದರು. ಗಣಿತದ ಮೇಷ್ಟ್ರಾದ ನಾನು ನಕ್ಕುಬಿಟ್ಟೆ. "ಎರಡಕ್ಕೂ ಎರಡು ಪಾಯಿಂಟ್ ಸೊನ್ನೆಗೂ ಏನ್ರೀ ವ್ಯತ್ಯಾಸ? ಐದನೆಯ ತರಗತಿಯ ಹುಡುಗರೂ ಹೇಳುತ್ತಾರೆ. ತಂತಿ ನೋಡಿ, ತಂತಿ" ಎಂದೆ. ಅವರು ಸುಮ್ಮನಾದರು.

ನಾಲ್ಕೂ ಕಾಲಾಯಿತು. ಕೊನೆಗೆ ಪತ್ರವನ್ನು ಮುದ್ರಿಸಿ, ಸಹಿ ಹಾಕಿ, ಮೊಹರೊತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸೈಕಲ್ಲೇರಿ ಬೂತಿಗೆ ಧಾವಿಸಿದೆ. ಅಲ್ಲಿ ನನಗಿಂತ ಮುಂದೆ ಮೂವರಿದ್ದರು. ಐದಕ್ಕೆ ಎಂಟು ನಿಮಿಷವಿರುವಾಗ ಪತ್ರ ಹೋಯಿತು. ಆ ಹುಡುಗಿಗೆ ಕೆಲಸ ಸಿಕ್ಕಿತು. ಆದರೆ ಅವಳ ಬದುಕಿನ ದಾರಿ ಆ ಎಂಟು ನಿಮಿಷಗಳ ಅಂತರದಲ್ಲಿ ನಿಂತಿತ್ತೆಂಬುದನ್ನು ನಾನು ಇಂದಿಗೂ ಮರೆತಿಲ್ಲ. ಗುಮಾಸ್ತರು ಹೇಳಿದ್ದೇ ಸರಿಯಾಗಿತ್ತು. ಮುಂದಿನ ಭಾನುವಾರ ಗಣಕ ದುರಸ್ತಿ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಬಂದು 2.0 ಎಂಬುದನ್ನು 2 ಎಂದು ಬದಲಿಸಿದ. ಮೋಡೆಮ್ ತಕರಾರಿಲ್ಲದೆ ಕೆಲಸ ಮಾಡಿತು. 2 ಮತ್ತು 2.0 ಒಂದೇ ಅಲ್ಲದ ಲೋಕವೊಂದಿದೆಯೆಂದು ಅಂದು ನನಗೆ ತಿಳಿಯಿತು. ಏಕೆ ಹಾಗಾಯಿತೆಂಬುದನ್ನು ಹುಡುಕಿಕೊಂಡು ಅನಂತರದ ವರ್ಷಗಳಲ್ಲಿ ಓದಿದ್ದರ ಸಾರ ಮುಂದಿನದು.

ಫ್ಯಾಕ್ಸ್ ಎಂಬುದು ಇಪ್ಪತ್ತನೆಯ ಶತಮಾನದ ಕೂಸೆಂದು ಹಲವರು ಭಾವಿಸುವುದುಂಟು. ವಾಸ್ತವದಲ್ಲಿ ಅದು ದೂರವಾಣಿಗಿಂತಲೂ ಹಳೆಯದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ 1843ರಲ್ಲಿಯೇ ತಂತಿಯ ಮೂಲಕ ಬರಹದ ಪ್ರತಿಕೃತಿಯನ್ನು ಕಳುಹಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಗ್ರಹಾಂ ಬೆಲ್‌ಗೆ ದೂರವಾಣಿಯ ಪೇಟೆಂಟ್ ದೊರೆತದ್ದು 1876ರಲ್ಲಿ. ಇಟಲಿಯ ಪಾದ್ರಿ ಜಿಯೊವಾನಿ ಕಸೆಲ್ಲಿ ರೂಪಿಸಿದ ಯಂತ್ರದಿಂದ 1865ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಸಾರ್ವಜನಿಕ ಸೇವೆಯೂ ಆರಂಭವಾಗಿತ್ತು. ಆದರೆ ಒಬ್ಬ ತಯಾರಕನ ಯಂತ್ರ ಇನ್ನೊಬ್ಬನ ಯಂತ್ರದೊಡನೆ ಮಾತನಾಡಬೇಕಾದರೆ ಇಬ್ಬರಿಗೂ ಒಪ್ಪಿತವಾದ ನಿಯಮಗಳು ಬೇಕಲ್ಲವೇ? ಅದಕ್ಕೆ ಇನ್ನೂ ನೂರು ವರ್ಷ ಕಾಯಬೇಕಾಯಿತು.

ಆ ನಿಯಮಗಳನ್ನು ರೂಪಿಸಿದ್ದು ಸಿಸಿಐಟಿಟಿ ಎಂಬ ಅಂತರರಾಷ್ಟ್ರೀಯ ಸಮಿತಿ. 1968ರ ಗ್ರೂಪ್ 1 ಯಂತ್ರಕ್ಕೆ ಒಂದು ಪುಟ ಕಳುಹಿಸಲು ಆರು ನಿಮಿಷ ಹಿಡಿಯುತ್ತಿತ್ತು. 1976ರ ಗ್ರೂಪ್ 2ಕ್ಕೆ ಮೂರು ನಿಮಿಷ. 1980ರಲ್ಲಿ ಬಂದ ಗ್ರೂಪ್ 3 ಪುಟವನ್ನು ಅಂಕಿಗಳಾಗಿ ಪರಿವರ್ತಿಸಿ ಸುಮಾರು ಒಂದು ನಿಮಿಷದೊಳಗೆ ಕಳುಹಿಸಿತು. ನಮ್ಮ ಊರುಗಳ ಬೂತುಗಳಲ್ಲಿ ನೀವು ಕಂಡ ಯಂತ್ರಗಳೆಲ್ಲ ಈ ಮೂರನೆಯ ಗುಂಪಿನವೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ; ಹಳೆಯ ಅಭ್ಯಾಸ, ಕ್ಷಮಿಸಿ. ಗ್ರೂಪ್ 3 ಯಂತ್ರ ಪುಟದ ಅಡ್ಡಗಲವನ್ನು 1728 ಚುಕ್ಕೆಗಳಾಗಿ, ಉದ್ದವನ್ನು ಮಿಲಿಮೀಟರಿಗೆ 3.85 ಗೆರೆಗಳಾಗಿ ವಿಭಾಗಿಸುತ್ತದೆ. 297 ಮಿಲಿಮೀಟರ್ ಉದ್ದದ ಎ4 ಹಾಳೆಯಲ್ಲಿ ಸುಮಾರು 1143 ಗೆರೆಗಳು. ಒಟ್ಟು ಚುಕ್ಕೆಗಳು ಇಪ್ಪತ್ತು ಲಕ್ಷಕ್ಕೆ ತುಸು ಕಡಿಮೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇದ್ದದ್ದನ್ನು ಇದ್ದಂತೆ ಕಳುಹಿಸಿದರೆ ಮೂರೂವರೆ ನಿಮಿಷದ ಹತ್ತಿರ ಬೇಕು. ಒಂದು ನಿಮಿಷದೊಳಗೆ ಮುಗಿಯುವುದು ಸಂಕ್ಷೇಪಣೆಯ ಜಾಣ್ಮೆಯಿಂದ. ಚುಕ್ಕೆಗಳನ್ನು ಒಂದೊಂದಾಗಿ ಹೇಳದೆ, 'ಇಷ್ಟು ಬಿಳಿ, ಇಷ್ಟು ಕಪ್ಪು' ಎಂದು ಸಾಲುಸಾಲಾಗಿ ಹೇಳಿ, ಹೆಚ್ಚಾಗಿ ಬರುವ ಅಳತೆಗಳಿಗೆ ಗಿಡ್ಡ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ ಕೊಡುವುದೇ ಆ ಉಪಾಯ. ಪೂರ್ತಿ ಖಾಲಿ ಗೆರೆಯೊಂದಕ್ಕೆ 1728 ಬಿಟ್‌ಗಳ ಬದಲು 17 ಬಿಟ್‌ಗಳು ಸಾಕು. ಗೆರೆಯ ಎಲ್ಲೆಯನ್ನು ಸೂಚಿಸುವ 12 ಬಿಟ್‌ಗಳ ಗುರುತು ಬೇರೆ.

ಈ ಬಗೆಯ ಸಂಕೇತವನ್ನು ಕಂಡುಹಿಡಿದ ಡೇವಿಡ್ ಹಫ್‌ಮನ್ 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದ. ಅಧ್ಯಾಪಕ ರಾಬರ್ಟ್ ಫಾನೋ ಅಂತಿಮ ಪರೀಕ್ಷೆ ಅಥವಾ ಒಂದು ಪ್ರಬಂಧ, ಎರಡರಲ್ಲೊಂದನ್ನು ಆರಿಸಿಕೊಳ್ಳಲು ತರಗತಿಗೆ ಹೇಳಿದ್ದರು. ಹಫ್‌ಮನ್ ಪ್ರಬಂಧವನ್ನು ಆರಿಸಿಕೊಂಡು, ಸ್ವತಃ ಗುರುಗಳಿಗೇ ದಕ್ಕದಿದ್ದ ಉತ್ತರವನ್ನು ಕಂಡುಕೊಂಡ. ಅದು 1952ರಲ್ಲಿ ಪ್ರಕಟವಾಯಿತು. ಶಿಷ್ಯನಿಂದ ಸೋಲುವುದಕ್ಕಿಂತ ದೊಡ್ಡ ಗೌರವ ಗುರುವಿಗೆ ಬೇರೇನಿದೆ?

ಇನ್ನು ಯಂತ್ರಗಳ ಸಂಭಾಷಣೆ. ಫ್ಯಾಕ್ಸ್ ಸಂಖ್ಯೆಗೆ ತಪ್ಪಿ ಕರೆ ಮಾಡಿದಾಗ ಕಿವಿಗೆ ಬಡಿಯುತ್ತಿದ್ದ 'ಪೀ' ಎಂಬ ದನಿ ನಿಮಗೆ ನೆನಪಿರಬಹುದು. ಅದು 'ನಾನು ಫ್ಯಾಕ್ಸ್ ಯಂತ್ರ' ಎಂದು ಕರೆ ಸ್ವೀಕರಿಸಿದ ಯಂತ್ರ ಹೊರಡಿಸುವ 2100 ಹರ್ಟ್ಜ್‌ನ ಉತ್ತರ. ಬಳಿಕ ಆ ಯಂತ್ರ ಸೆಕೆಂಡಿಗೆ 300 ಬಿಟ್‌ನಷ್ಟು ನಿಧಾನವಾಗಿ ತನ್ನ ಸಾಮರ್ಥ್ಯಗಳನ್ನು ತಿಳಿಸುತ್ತದೆ. ಕಳುಹಿಸುವ ಯಂತ್ರ ಅದರಲ್ಲಿ ಒಂದು ವೇಗವನ್ನು ಆರಿಸಿ, ಒಂದೂವರೆ ಸೆಕೆಂಡು ಪರೀಕ್ಷಾ ಸಂಕೇತ ಕಳುಹಿಸುತ್ತದೆ. ಅದು ಸರಿಯಾಗಿ ತಲುಪಿದರೆ ಪುಟ ಹೊರಡುತ್ತದೆ. ಇಲ್ಲವಾದರೆ ವೇಗವನ್ನು ಇಳಿಸಿ ಮತ್ತೊಮ್ಮೆ ಪರೀಕ್ಷೆ. ಪುಟ ಮುಗಿದ ಮೇಲೆ 'ತಲುಪಿತೇ?', 'ತಲುಪಿತು' ಎಂಬ ಮಾತುಕತೆ. ಈ ಶಿಷ್ಟಾಚಾರವೆಲ್ಲ ಟಿ.30 ಎಂಬ ದಾಖಲೆಯಲ್ಲಿದೆ. ಅದರಲ್ಲಿ ಕಾಲದ ಕಟ್ಟುಪಾಡು ಬಹಳ ಬಿಗಿ. ನಿಧಾನದ ಸಂಕೇತ ಮುಗಿದು ವೇಗದ ಸಂಕೇತ ಆರಂಭವಾಗುವ ನಡುವಿನ ಮೌನ 75 ಮಿಲಿಸೆಕೆಂಡು ಇರಬೇಕು; 20 ಮಿಲಿಸೆಕೆಂಡಿನಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಈ ಅಂಶವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೂತಿನ ಯಂತ್ರದಲ್ಲಿ ಪುಟವನ್ನು ಓದುವ ಭಾಗ, ಸಂಭಾಷಣೆ ನಡೆಸುವ ಭಾಗ, ದನಿ ಹೊರಡಿಸುವ ಭಾಗ ಎಲ್ಲವನ್ನೂ ಒಂದೇ ಸಂಸ್ಥೆ ಒಂದೇ ಪೆಟ್ಟಿಗೆಯೊಳಗೆ ಜೋಡಿಸಿರುತ್ತದೆ. ಗಣಕಯಂತ್ರದಿಂದ ಫ್ಯಾಕ್ಸ್ ಕಳುಹಿಸಲು ಹೊರಟಾಗ ಈ ಒಗ್ಗಟ್ಟು ಮುರಿಯಿತು. ತಂತ್ರಾಂಶವನ್ನು ಬರೆದವರು ಒಬ್ಬರು, ಮೋಡೆಮನ್ನು ತಯಾರಿಸಿದವರು ಮತ್ತೊಬ್ಬರು, ಅದರೊಳಗಿನ ಚಿಪ್ಪನ್ನು ಮಾಡಿದವರು ಮೂರನೆಯವರು. ಇವರಲ್ಲಿ ಯಾರು ಯಾವ ಕೆಲಸ ಮಾಡಬೇಕು, ಒಬ್ಬರು ಮತ್ತೊಬ್ಬರಿಗೆ ಯಾವ ಮಾತಿನಲ್ಲಿ ಅಪ್ಪಣೆ ಕೊಡಬೇಕು? ಈ ಪ್ರಶ್ನೆಗೆ ಕೊಟ್ಟ ಉತ್ತರಗಳೇ 'ಕ್ಲಾಸ್'ಗಳು.

ಅಂದು ನನಗಷ್ಟೇ ಅಲ್ಲ, ಎಷ್ಟೋ ಮಂದಿಗೆ ಇದ್ದ ಗೊಂದಲ ಇಲ್ಲಿಯೇ. ಗ್ರೂಪ್ ಎಂಬುದು ಈ ಊರಿನ ಫ್ಯಾಕ್ಸ್ ಮತ್ತು ಆ ಊರಿನ ಫ್ಯಾಕ್ಸ್ ನಡುವಿನ ಒಪ್ಪಂದ. ಕ್ಲಾಸ್ ಎಂಬುದು ನಿಮ್ಮ ಮೇಜಿನ ಮೇಲಿರುವ ಗಣಕ ಮತ್ತು ಅದರ ಪಕ್ಕದ ಮೋಡೆಮ್ ನಡುವಿನ ಒಪ್ಪಂದ. ಬೆಂಗಳೂರಿನ ಆ ಕಚೇರಿಯ ಯಂತ್ರಕ್ಕೆ ನಮ್ಮದು ಯಾವ ಕ್ಲಾಸೆಂಬುದು ತಿಳಿಯುವಂತೆಯೇ ಇಲ್ಲ, ತಿಳಿಯುವ ಅಗತ್ಯವೂ ಇಲ್ಲ. ಹೆಸರಂತೂ ಇನ್ನಷ್ಟು ದಾರಿ ತಪ್ಪಿಸುವಂಥದು. ರೈಲಿನಲ್ಲಿ ಒಂದನೆಯ ಕ್ಲಾಸು ಎರಡನೆಯದಕ್ಕಿಂತ ಮೇಲು. ಶಾಲೆಯಲ್ಲಿ ಎರಡನೆಯ ಕ್ಲಾಸು ಒಂದನೆಯದಕ್ಕಿಂತ ಮೇಲು. ಮೋಡೆಮಿನಲ್ಲಿ ಮೇಲೂ ಇಲ್ಲ, ಕೀಳೂ ಇಲ್ಲ. ಇರುವುದು ಕೆಲಸದ ಹಂಚಿಕೆ ಮಾತ್ರ.

ಮೋಡೆಮುಗಳಿಗೆ ಅಪ್ಪಣೆ ಕೊಡುವ ಭಾಷೆ 1981ರಿಂದಲೇ ಇತ್ತು. ಅಮೆರಿಕದ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ಆ ವರ್ಷ ಬಂತು. ಅದರ ಪ್ರತಿಯೊಂದು ಅಪ್ಪಣೆಯೂ ಎ, ಟಿ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತಿತ್ತು. ಅಟೆನ್ಷನ್ ಎಂಬುದರ ಸಂಕ್ಷೇಪವದು. ನಾವು ಕವಾಯತಿನಲ್ಲಿ 'ಸಾವಧಾನ್' ಎನ್ನುವಂತೆ. ಆದರೆ ಅದು ದತ್ತಾಂಶ ಕಳುಹಿಸುವ ಭಾಷೆ. ಫ್ಯಾಕ್ಸಿನ ಮಾತು ಅದರಲ್ಲಿರಲಿಲ್ಲ. 1985ರಲ್ಲಿ ಗಾಮಾಲಿಂಕ್ ಎಂಬ ಅಮೆರಿಕನ್ ಸಂಸ್ಥೆ ಗಣಕದೊಳಗೆ ಕೂರಿಸುವ ಫ್ಯಾಕ್ಸ್ ಕಾರ್ಡನ್ನು ಮಾರುಕಟ್ಟೆಗೆ ತಂದಿತು. 1988ರಲ್ಲಿ ಇಂಟೆಲ್ ಮತ್ತು ಡಿಸಿಎ ಸಂಸ್ಥೆಗಳು ಸೇರಿ ಸಿಎಎಸ್ ಎಂಬ ಪದ್ಧತಿಯನ್ನು ಪ್ರಕಟಿಸಿದವು. ಹೀಗೆ ಒಬ್ಬೊಬ್ಬರದು ಒಂದೊಂದು ದಾರಿಯಾದಾಗ, ಅಮೆರಿಕದ ವಿದ್ಯುನ್ಮಾನ ಮತ್ತು ದೂರಸಂಪರ್ಕ ಉದ್ಯಮಗಳ ಮಾನಕ ಸಮಿತಿಯೊಂದು ಎಲ್ಲರಿಗೂ ಸಾಮಾನ್ಯವಾದ ನಿಯಮ ರೂಪಿಸಲು ಮುಂದಾಯಿತು.

ಮೊದಲು ಸಿದ್ಧವಾದದ್ದು ಕ್ಲಾಸ್ 1. ಅದು 1990ರಲ್ಲಿ 578ನೆಯ ಸಂಖ್ಯೆಯ ಮಾನಕವಾಗಿ ಅಂಗೀಕಾರವಾಯಿತು. ಇದರಲ್ಲಿ ಮೋಡೆಮಿನ ಕೆಲಸ ಬಹಳ ಕಡಿಮೆ. 'ಇಂಥ ವೇಗದಲ್ಲಿ ದನಿ ಹೊರಡಿಸು', 'ಇಂಥ ವೇಗದ ದನಿಯನ್ನು ಕೇಳು', 'ಇಷ್ಟು ಹೊತ್ತು ಸುಮ್ಮನಿರು' ಎಂಬಂತಹ ಕೆಲವೇ ಅಪ್ಪಣೆಗಳನ್ನು ಅದು ಪಾಲಿಸುತ್ತದೆ. ಟಿ.30ರ ಸಂಭಾಷಣೆಯನ್ನೆಲ್ಲ ನಡೆಸಬೇಕಾದ್ದು ಗಣಕದೊಳಗಿನ ತಂತ್ರಾಂಶ. ಮದುವೆಯ ಮನೆಯಲ್ಲಿ ಅಡಿಗೆಯವರಿಗೆ ಪ್ರತಿಯೊಂದನ್ನೂ ಪಕ್ಕದಲ್ಲಿ ನಿಂತು ಹೇಳುವ ಯಜಮಾನನಂತೆ ಇದು. ಎಲ್ಲವೂ ಯಜಮಾನನ ಹಿಡಿತದಲ್ಲಿರುತ್ತದೆ ನಿಜ. ಆದರೆ ಅವನು ಒಂದು ಗಳಿಗೆ ಆಚೆ ಹೋದರೆ ಪಾಯಸ ತಳ ಹಿಡಿಯುತ್ತದೆ.

ಹಾಗೆ ಆಚೆ ಹೋಗುವ ಯಜಮಾನರೇ ಅಂದಿನ ಗಣಕಗಳು. 1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ಒಂದು ತಂತ್ರಾಂಶ ತಾನಾಗಿ ದಾರಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ. ಫ್ಯಾಕ್ಸ್ ಹೋಗುತ್ತಿರುವಾಗ ನೀವು ಬೇರೊಂದು ಕಡತ ತೆರೆದರೆ ಆ 75 ಮಿಲಿಸೆಕೆಂಡಿನ ಗಡುವು ತಪ್ಪುತ್ತಿತ್ತು. ಇದಲ್ಲದೆ ಹಳೆಯ ಗಣಕಗಳಲ್ಲಿ ಮೋಡೆಮಿನಿಂದ ಬಂದ ಅಕ್ಷರಗಳನ್ನು ಹಿಡಿದಿಡುವ 8250 ಅಥವಾ 16450 ಎಂಬ ಚಿಪ್ಪಿನಲ್ಲಿ ಒಂದೇ ಒಂದು ಬೈಟಿಗೆ ಜಾಗ. ಸೆಕೆಂಡಿಗೆ 19200 ಬಿಟ್ ವೇಗದಲ್ಲಿ ಬೈಟುಗಳು ಸುಮಾರು ಅರ್ಧ ಮಿಲಿಸೆಕೆಂಡಿಗೊಂದರಂತೆ ಬರುತ್ತವೆ. ಅಷ್ಟರೊಳಗೆ ಗಣಕ ಅದನ್ನು ಎತ್ತಿಕೊಳ್ಳದಿದ್ದರೆ ಮುಂದಿನದು ಅದರ ಮೇಲೆ ಬಿದ್ದು ಅಳಿಸಿಹಾಕುತ್ತದೆ. 16 ಬೈಟುಗಳ ಜಾಗವಿದ್ದ 16550ಎ ಎಂಬ ಚಿಪ್ಪು ಬಳಕೆಗೆ ಬಂದ ಮೇಲೆ ಎಂಟು ಮಿಲಿಸೆಕೆಂಡುಗಳಷ್ಟು ಉಸಿರಾಡಲು ಅವಕಾಶವಾಯಿತು.

ಈ ತೊಂದರೆಗೆ ಪರಿಹಾರವೆಂದೇ ಕ್ಲಾಸ್ 2ನ್ನು ಯೋಚಿಸಲಾಯಿತು. ಸಂಭಾಷಣೆಯ ಹೊಣೆಯನ್ನೂ ಕಾಲದ ಲೆಕ್ಕವನ್ನೂ ಮೋಡೆಮಿಗೇ ವಹಿಸಿಬಿಡುವುದು. ಗಣಕ 'ಈ ಸಂಖ್ಯೆಗೆ ಕರೆ ಮಾಡು, ಇಗೋ ಪುಟ' ಎಂದು ಹೇಳಿದರೆ ಸಾಕು. ನುರಿತ ಅಡಿಗೆಭಟ್ಟರಿಗೆ ಸಾಮಾನು ಒಪ್ಪಿಸಿ ಯಜಮಾನ ನೆಂಟರನ್ನು ಮಾತನಾಡಿಸಲು ಹೋದಂತೆ. ಯೋಚನೆ ಉತ್ತಮವಾದುದೇ. ಆದರೆ ಕಾರ್ಯ ದೊಡ್ಡದಾದ್ದರಿಂದ ಸಮಿತಿಯಲ್ಲಿ ಚರ್ಚೆ ಮುಗಿಯಲಿಲ್ಲ. ಇತ್ತ ಮಾರುಕಟ್ಟೆ ಕಾಯಲಿಲ್ಲ. 1990ರ ಸುಮಾರಿಗೆ ಹೊರಬಿದ್ದ ಕರಡನ್ನೇ ನೆಚ್ಚಿಕೊಂಡು ಚಿಪ್ ತಯಾರಕರು ಕೆಲಸ ಆರಂಭಿಸಿಬಿಟ್ಟರು. ರಾಕ್‌ವೆಲ್ ಸಂಸ್ಥೆಯ ಚಿಪ್ಪುಗಳನ್ನು ಹತ್ತಾರು ಮೋಡೆಮ್ ತಯಾರಕರು ಬಳಸುತ್ತಿದ್ದುದರಿಂದ, ಕರಡಿನ ಆಧಾರದ ಕ್ಲಾಸ್ 2 ಮೋಡೆಮುಗಳು ಲೋಕದ ತುಂಬ ಹರಡಿದವು.

ಸಮಿತಿ ತನ್ನ ಕೆಲಸ ಮುಗಿಸಿ 592ನೆಯ ಸಂಖ್ಯೆಯ ಮಾನಕವನ್ನು ಹೊರತಂದದ್ದು 1993ರಲ್ಲಿ. ಅಷ್ಟರಲ್ಲಿ ಅಪ್ಪಣೆಗಳ ಹೆಸರುಗಳೇ ಬದಲಾಗಿದ್ದವು. ಕರಡಿನಲ್ಲಿ ಎಫ್‌ಎಲ್‌ಐಡಿ ಎಂದಿದ್ದದ್ದು ಮಾನಕದಲ್ಲಿ ಎಫ್‌ಎಲ್‌ಐ ಆಯಿತು. ಎಫ್‌ಡಿಸಿಸಿ ಎಂದಿದ್ದದ್ದು ಎಫ್‌ಸಿಸಿ ಆಯಿತು. ಪುಟ ಮುಗಿಯಿತೆಂದು ತಿಳಿಸುವ ರೀತಿಯೇ ಬೇರೆಯಾಯಿತು. ಈಗ ನಿಜವಾದ ಮಾನಕಕ್ಕೆ ಏನೆಂದು ಹೆಸರಿಡುವುದು? 2 ಎಂಬ ಹೆಸರನ್ನು ಕರಡಿನ ಕೂಸುಗಳು ಆಗಲೇ ಆಕ್ರಮಿಸಿಕೊಂಡಿದ್ದವು. ಹಾಗಾಗಿ ಒಂದು ಚುಕ್ಕೆ, ಒಂದು ಸೊನ್ನೆ ಸೇರಿಸಿ 2.0 ಎಂದರು. ನಾನು ನಕ್ಕು ತಳ್ಳಿಹಾಕಿದ ಆ ಸೊನ್ನೆಯಲ್ಲಿ ಮೂರು ವರ್ಷಗಳ ವಿಳಂಬ ಅಡಗಿತ್ತು. ಅಳತೆಗಳ ಲೋಕದಲ್ಲಿ 2 ಮತ್ತು 2.0 ಸಮಾನವಲ್ಲ, ಎರಡನೆಯದು ಹೆಚ್ಚು ನಿಖರವೆಂದು ನಮ್ಮ ಭೌತಶಾಸ್ತ್ರದ ಸಹೋದ್ಯೋಗಿಗಳು ಆಗಾಗ ವಾದಿಸುತ್ತಿದ್ದರು. ಮೋಡೆಮ್ ಅವರ ಪಕ್ಷ ವಹಿಸಿತು!

ಈ ಒಡಕಿನ ಭಾರ ಬಿದ್ದದ್ದು ತಂತ್ರಾಂಶ ಬರೆಯುವವರ ಮೇಲೆ. ರಾಕ್‌ವೆಲ್ ಚಿಪ್ಪಿನ ಎಷ್ಟೋ ಮೋಡೆಮುಗಳಿಗೆ 1 ಮತ್ತು 2 ಗೊತ್ತು, 2.0 ಗೊತ್ತಿಲ್ಲ. ಯುಎಸ್ ರೋಬೋಟಿಕ್ಸ್‌ನ ಮೋಡೆಮುಗಳಿಗೆ 1 ಮತ್ತು 2.0 ಗೊತ್ತು, 2 ಗೊತ್ತಿಲ್ಲ. ಕರಡು ಕರಡೇ ಆದ್ದರಿಂದ ಅದನ್ನು ಓದಿದವರು ಒಂದೇ ರೀತಿ ಅರ್ಥ ಮಾಡಿಕೊಂಡಿರಲಿಲ್ಲ. ಫ್ಯಾಕ್ಸ್ ಸ್ವೀಕರಿಸುವಾಗ 'ನಾನು ಸಿದ್ಧ, ಪುಟ ಕೊಡು' ಎಂದು ಗಣಕ ಮೋಡೆಮಿಗೆ ತಿಳಿಸಬೇಕು. ಅದಕ್ಕೆ ಕೆಲವು ಮೋಡೆಮುಗಳು 17ನೆಯ ಸಂಕೇತವನ್ನು ನಿರೀಕ್ಷಿಸಿದರೆ, ಕೆಲವು 18ನೆಯದನ್ನು ನಿರೀಕ್ಷಿಸುತ್ತಿದ್ದವು. ತಪ್ಪು ಸಂಕೇತ ಕಳುಹಿಸಿದರೆ ಎರಡೂ ಕಡೆ ಮೌನ. 'ನೀನು ಮೊದಲು' ಎಂದು ಬಾಗಿಲಲ್ಲಿ ನಿಂತ ಇಬ್ಬರು ನೆಂಟರಂತೆ. ಕೆಲವು ಮೋಡೆಮುಗಳು ಪ್ರತಿಯೊಂದು ಬೈಟಿನ ಎಂಟು ಬಿಟ್‌ಗಳನ್ನು ತಿರುವುಮುರುವಾಗಿ ಒಪ್ಪಿಸುತ್ತಿದ್ದವು.

ಹೀಗಾಗಿ ಕೆನಡಾದ ಡೆಲ್ರಿನಾ ಸಂಸ್ಥೆಯ ವಿನ್‌ಫ್ಯಾಕ್ಸ್‌ನಂತಹ ಜನಪ್ರಿಯ ತಂತ್ರಾಂಶಗಳು ಮೋಡೆಮುಗಳ ಉದ್ದುದ್ದ ಪಟ್ಟಿಗಳನ್ನು ಹೊತ್ತು ಬರುತ್ತಿದ್ದವು. ಯೂನಿಕ್ಸ್ ಲೋಕದಲ್ಲಿ ಸ್ಯಾಮ್ ಲೆಫ್ಲರ್ ಬರೆದು ಎಲ್ಲರಿಗೂ ಮುಕ್ತವಾಗಿ ಹಂಚಿದ ಹೈಲಾಫ್ಯಾಕ್ಸ್ ಮೂರೂ ಕ್ಲಾಸುಗಳನ್ನು ನಿಭಾಯಿಸುತ್ತಿತ್ತು. ಅದರ ಜೊತೆಗೆ ಬರುವ ಕಡತಗಳಲ್ಲಿ ಒಂದೊಂದು ಮೋಡೆಮಿಗೂ ಒಂದೊಂದು ವಿನಾಯಿತಿ, ಒಂದೊಂದು ಎಚ್ಚರಿಕೆ. ಜರ್ಮನಿಯ ಗೆರ್ಟ್ ಡೋರಿಂಗ್ ರೂಪಿಸಿದ ಎಂಗೆಟ್ಟಿ-ಸೆಂಡ್‌ಫ್ಯಾಕ್ಸ್ ಮೊದಲಿಗೆ ಕ್ಲಾಸ್ 2 ಮತ್ತು 2.0ಗಳನ್ನೇ ನೆಚ್ಚಿಕೊಂಡಿತ್ತು. ಕ್ಲಾಸ್ 1 ಮಾತ್ರ ತಿಳಿದ ಮೋಡೆಮ್ ಕೊಂಡವರಿಗೆ ಅದು ಒದಗುತ್ತಿರಲಿಲ್ಲ. ಡಬ್ಬಿಯ ಮೇಲೆ 'ಫ್ಯಾಕ್ಸ್ ಮೋಡೆಮ್' ಎಂದು ಬರೆದಿದ್ದರೆ ಸಾಲದು, ಒಳಗಿರುವುದು ಯಾವ ಕ್ಲಾಸೆಂದು ಕೇಳಿಯೇ ಕೊಳ್ಳಬೇಕಾಗಿತ್ತು.

ಕೇಳುವ ವಿಧಾನವೂ ಇತ್ತೆಂಬುದೇ ವಿಶೇಷ. ಆ ಭಾನುವಾರ ನನ್ನ ವಿದ್ಯಾರ್ಥಿ ಗಣಕದ ಮುಂದೆ ಕುಳಿತು, ಎಟಿ ಎಂಬ ಎರಡು ಅಕ್ಷರಗಳ ಮುಂದೆ ಕೂಡಿಸುವ ಚಿಹ್ನೆ, ಎಫ್‌ಕ್ಲಾಸ್ ಎಂಬ ಪದ, ಸಮ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಇಷ್ಟನ್ನು ಬೆರಳಚ್ಚು ಮಾಡಿದ. 'ನಿನಗೆ ಯಾವ ಕ್ಲಾಸುಗಳು ಬರುತ್ತವೆ?' ಎಂದು ಮೋಡೆಮನ್ನೇ ಕೇಳುವ ಪ್ರಶ್ನೆಯದು. ಪರದೆಯ ಮೇಲೆ 0, 1, 2 ಎಂದು ಉತ್ತರ ಮೂಡಿತು. 0 ಎಂದರೆ ಬರೀ ದತ್ತಾಂಶ. 2.0 ಅಲ್ಲಿರಲಿಲ್ಲ. "ನೋಡಿ ಸಾರ್, ಕೇಳಿದ್ದರೆ ಅದೇ ಹೇಳುತ್ತಿತ್ತು" ಎಂದ. ಗಣಕ ಕೊಟ್ಟವನ ಬಳಿ ಮೊದಲು ಬೇರೆ ಮೋಡೆಮ್ ಇದ್ದಿತು. ಅದಕ್ಕೆ ತಕ್ಕಂತೆ ಹೊಂದಿಸಿದ 2.0 ಹಾಗೆಯೇ ಉಳಿದುಬಿಟ್ಟಿತ್ತು.

ಅನಂತರ ಕುತೂಹಲಕ್ಕೆಂದು ಕ್ಲಾಸ್ 1ನ್ನೂ ಪ್ರಯತ್ನಿಸಿದೆವು. ಮೊದಲ ಸಲ ಬೂತಿನ ಯಂತ್ರಕ್ಕೆ ಪುಟ ಚೆನ್ನಾಗಿಯೇ ಹೋಯಿತು. ಎರಡನೆಯ ಸಲ, ಪುಟ ಹೋಗುತ್ತಿರುವಾಗಲೇ ಅವನು ಬೇಕೆಂದು ಚಿತ್ರ ಬರೆಯುವ ತಂತ್ರಾಂಶವನ್ನು ತೆರೆದ. ಸಂಪರ್ಕ ಕಡಿದುಹೋಯಿತು. "ಈಗ ಗೊತ್ತಾಯಿತೇ ಸಾರ್, ಒಂದರಲ್ಲಿ ಗಣಕ ಕಣ್ಣು ಮಿಟುಕಿಸುವಂತಿಲ್ಲ" ಎಂದ. ನನಗೆ ಗೊತ್ತಾಯಿತು. ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗದೆ ಕಣ್ಣೀರಿಡುತ್ತಿದ್ದ ಹುಡುಗ ಅವನೇ ಎಂಬುದನ್ನೂ ಹೇಳಿಬಿಡುತ್ತೇನೆ; ಅವನೂ ಇದನ್ನು ಓದುತ್ತಾನೆ.

ಮುಂದಿನ ಕಥೆಯಲ್ಲಿ ಯಾರೂ ಎಣಿಸದ ತಿರುವಿದೆ. 1995ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಈ ಎರಡು ಪದ್ಧತಿಗಳಿಗೂ ಟಿ.31, ಟಿ.32 ಎಂಬ ಹೆಸರಿನಲ್ಲಿ ಮನ್ನಣೆ ಕೊಟ್ಟಿತು. ಅಷ್ಟು ವರ್ಷ ಜಗಳಕ್ಕೆ ಕಾರಣವಾದ ಜಾಣ ಮೋಡೆಮ್ ಗೆಲ್ಲಬೇಕಿತ್ತಲ್ಲವೇ? ಆದರೆ ಅಗ್ಗದ ಮೋಡೆಮುಗಳಲ್ಲಿ ಹೆಚ್ಚು ವ್ಯಾಪಕವಾಗಿ ಉಳಿದದ್ದು ದಡ್ಡನೆಂದು ಕರೆಸಿಕೊಂಡ ಕ್ಲಾಸ್ 1. ಕಾರಣಗಳು ಎರಡು. ಮೊದಲನೆಯದು, ಗಣಕಗಳು ವೇಗವಾದವು. ಮೊದಲು ಬೆಟ್ಟದಂತಿದ್ದ 75 ಮಿಲಿಸೆಕೆಂಡಿನ ಗಡುವು ಅವಕ್ಕೆ ಆಟವಾಯಿತು. ಎರಡನೆಯದು ಇನ್ನೂ ಮುಖ್ಯ. ಕ್ಲಾಸ್ 2 ಮೋಡೆಮಿನೊಳಗೆ ತಪ್ಪಿದ್ದರೆ ಅದು ಚಿಪ್ಪಿನಲ್ಲಿ ಕೊರೆದು ಕೂತ ತಪ್ಪು, ಕೊಂಡವರು ಅನುಭವಿಸಬೇಕು. ಕ್ಲಾಸ್ 1ರಲ್ಲಿ ಬುದ್ಧಿಯೆಲ್ಲ ತಂತ್ರಾಂಶದಲ್ಲಿರುವುದರಿಂದ ತಪ್ಪನ್ನು ತಿದ್ದಿ ಹೊಸ ಪ್ರತಿ ಕೊಟ್ಟರೆ ಮುಗಿಯಿತು. 1990ರ ದಶಕದ ಉತ್ತರಾರ್ಧದಲ್ಲಿ ಮೋಡೆಮಿನ ಕೆಲಸದ ಬಹುಪಾಲನ್ನು ಗಣಕದ ಮೇಲೆಯೇ ಹೇರುವ ಅಗ್ಗದ 'ವಿನ್‌ಮೋಡೆಮ್'ಗಳು ಬಂದವು. ಅವು ವಿಂಡೋಸ್ ಬಿಟ್ಟು ಬೇರೆ ಕಡೆ ಸುಲಭವಾಗಿ ಕೆಲಸ ಮಾಡದೆ ಹೊಂದಾಣಿಕೆಯ ಹೊಸ ತಲೆನೋವನ್ನು ತಂದದ್ದೂ ನಿಜ.

ಆಮೇಲೆ ಈ ಕಥೆಯೇ ಹಿನ್ನೆಲೆಗೆ ಸರಿಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿತ್ತು. ಕೆಲವೇ ವರ್ಷಗಳಲ್ಲಿ ಮಿಂಚಂಚೆ ಊರೂರಿಗೆ ಬಂತು. 1998ರಲ್ಲಿ ಇಂಟರ್ನೆಟ್ ಮೂಲಕವೇ ಫ್ಯಾಕ್ಸ್ ಸಾಗಿಸುವ ಟಿ.38 ಎಂಬ ನಿಯಮ ಸಿದ್ಧವಾಯಿತು. ಬೂತುಗಳು ಮುಚ್ಚಿದವು. 2013ರ ಜುಲೈನಲ್ಲಿ ತಂತಿ ಸಂದೇಶವೂ ನಿಂತಿತು. ಆದರೂ 1980ರ ಗ್ರೂಪ್ 3 ನಿಯಮ ಇಂದಿಗೂ ಸತ್ತಿಲ್ಲ. ಆಸ್ಪತ್ರೆ, ಕಚೇರಿಗಳಲ್ಲಿ ಅದನ್ನು ಬಿಡಲಾರದ ದೇಶಗಳಿವೆ. ಎಲ್ಲರೂ ಕೂಡಿ ಒಪ್ಪಿದ ನಿಯಮ ಬಹುಕಾಲ ಬಾಳುತ್ತದೆ. ಒಪ್ಪಿಗೆಗೆ ಮುಂಚೆ ಓಡಿದ್ದು ಒಂದು ಚುಕ್ಕೆ, ಒಂದು ಸೊನ್ನೆಯ ಗೊಂದಲವನ್ನು ಬಿಟ್ಟುಹೋಗುತ್ತದೆ. ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು.

ಇನ್ನೊಂದು ಪಾಠವನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಆ ಸೋಮವಾರ ಬೆಳಿಗ್ಗೆ ನಾನು ಗುಮಾಸ್ತರ ಮೇಜಿನ ಬಳಿ ಹೋಗಿ, "ನೀವು ಹೇಳಿದ್ದೇ ಸರಿ, ನಾನು ಕೇಳಬೇಕಿತ್ತು" ಎಂದೆ. ಅವರು ಎದ್ದು ನಿಂತು, "ಅಯ್ಯೋ, ಇರಲಿ ಬಿಡಿ ಸಾರ್, ನನಗೂ ಖಚಿತವಾಗಿ ಗೊತ್ತಿರಲಿಲ್ಲ" ಎಂದರು. ಖಚಿತವಾಗಿ ಗೊತ್ತಿಲ್ಲದಿದ್ದರೂ ಪ್ರಯತ್ನಿಸಿ ನೋಡೋಣವೆಂದದ್ದು ಅವರು. ಖಚಿತವಾಗಿ ಗೊತ್ತಿದೆಯೆಂದು ಪ್ರಯತ್ನವನ್ನೇ ತಡೆದದ್ದು ನಾನು. ಮೂವತ್ತು ವರ್ಷ ಮಕ್ಕಳಿಗೆ 'ಗೊತ್ತಿಲ್ಲದಿದ್ದರೆ ಕೇಳಿ' ಎಂದು ಬೋಧಿಸಿದವನು ಅಂದು ತನ್ನ ಪಾಠವನ್ನೇ ಮರೆತಿದ್ದೆ. ಅವರು ಈಗ ನಮ್ಮೊಂದಿಗಿಲ್ಲ. ಈ ಡಬ್ಬಿಯನ್ನು ಶಾಲೆ ಗುಜರಿಗೆ ಹಾಕಹೊರಟಾಗ ನಾನು ಕೇಳಿ ಮನೆಗೆ ತಂದದ್ದು ಅವರ ನೆನಪಿಗಾಗಿಯೇ.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವನು, "ಹಾಗಾದರೆ ಅಜ್ಜ, ನಾಳೆ ಪರೀಕ್ಷೆಯಲ್ಲಿ 2 ಮತ್ತು 2.0 ಸಮವೇ ಎಂದು ಕೇಳಿದರೆ ಏನು ಬರೆಯಲಿ?" ಎಂದ. "ಸಮ ಎಂದೇ ಬರೆ. ಆದರೆ ಯಾರಾದರೂ ಅಲ್ಲವೆಂದರೆ, ಯಾಕೆಂದು ಕೇಳು" ಎಂದೆ.